ಬಂಡೆಯ ದೇಗುಲ, ತಾಮ್ರದ ಫಲಕ: ಎಲ್ಲೋರದ ಅಚ್ಚುಚಿತ್ರಗಳು

ಛಾಯಾಚಿತ್ರ ಕಲೆಯು ಬಳಕೆಗೆ ಬರುವ ಮೊದಲು ದೂರದ ಕಟ್ಟಡ, ಕೋಟೆ, ಬಂದರುಗಳ ರೂಪವನ್ನು ಜನರಿಗೆ ಪರಿಚಯಿಸುತ್ತಿದ್ದ ಮುಖ್ಯ ಸಾಧನವೆಂದರೆ ಅಚ್ಚುಚಿತ್ರ. ಲಂಡನ್ನಿನಲ್ಲಿ ನಿರ್ಮಾಣವಾಗುತ್ತಿದ್ದ ವೆಸ್ಟ್ ಇಂಡಿಯಾ ಹಡಗುಕಟ್ಟೆಗಳನ್ನು ಎತ್ತರದಿಂದ ಕಂಡಂತೆ ತೋರಿಸುವ ಅಚ್ಚುಚಿತ್ರವೊಂದನ್ನು ವಿಲಿಯಂ ಡೇನಿಯಲ್ 1802ರಲ್ಲಿ ಪ್ರಕಟಿಸಿದನು. ಮರುವರ್ಷ ಅವನ ತಂದೆಯ ಸೋದರನಾದ ಥಾಮಸ್ ಡೇನಿಯಲ್ ಎಲ್ಲೋರದ ಗುಹೆಗಳ 24 ಅಚ್ಚುಚಿತ್ರಗಳ ಸಂಪುಟವನ್ನು ಹೊರತಂದನು. ಇವರಿಬ್ಬರೂ ಅದಕ್ಕೆ ಮುನ್ನ ಭಾರತದಲ್ಲಿ ಹಲವು ವರ್ಷ ಸಂಚರಿಸಿದ್ದ ಚಿತ್ರಕಾರರು.

ಎರಡು ಅಗೆತಗಳು

ಹಡಗುಕಟ್ಟೆ ಮತ್ತು ಗುಹಾಲಯ ಎರಡೂ ಅಗೆತದಿಂದ ರೂಪುಗೊಂಡವು. ಆದರೆ ಹಡಗುಕಟ್ಟೆಯಲ್ಲಿ ತೋಡಿದ ಜಾಗವೇ ಉಪಯೋಗಕ್ಕೆ ಬರುತ್ತದೆ; ಎಲ್ಲೋರದ ಕೈಲಾಸದಲ್ಲಿ ತೋಡದೆ ಉಳಿಸಿದ ಶಿಲೆಯೇ ದೇಗುಲವಾಯಿತು. ಬೆಟ್ಟದ ಮೇಲಿನಿಂದ ಆಳವಾದ ಕಂದಕಗಳನ್ನು ಕಡಿದು, ನಡುವಿನ ಬಂಡೆಯನ್ನು ಶಿಖರದಿಂದ ಕೆಳಮುಖವಾಗಿ ಕೆತ್ತುತ್ತ ಬರಲಾಯಿತು. ಅಂಗಳದ ಉದ್ದ ಸುಮಾರು 82 ಮೀಟರ್, ಅಗಲ ಸುಮಾರು 46 ಮೀಟರ್. ಛತ್ರಪತಿ ಸಂಭಾಜಿನಗರದಿಂದ (2023ರವರೆಗೆ ಔರಂಗಾಬಾದ್) ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಎಲ್ಲೋರದ 34 ಪ್ರಮುಖ ಗುಹೆಗಳಲ್ಲಿ ಇದು 16ನೆಯದು. 1983ರಲ್ಲಿ ಎಲ್ಲೋರವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಕನ್ನಡಿಗರಿಗೆ ಈ ದೇಗುಲವು ಪರಕೀಯವಲ್ಲ. ಮುಂದೆ ಕಲಬುರಗಿ ಜಿಲ್ಲೆಯ ಮಳಖೇಡವನ್ನು ರಾಜಧಾನಿಯಾಗಿಸಿಕೊಂಡ ರಾಷ್ಟ್ರಕೂಟ ವಂಶದ ಒಂದನೆಯ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಇದರ ಪ್ರಧಾನ ಕಾರ್ಯ ನಡೆಯಿತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದೊಡನೆ ಇದರ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ.

ಚಿತ್ರ ಅಚ್ಚಾಗುತ್ತಿದ್ದ ಬಗೆ

ಈ ಚಿತ್ರಗಳಿಗೆ ಬಳಸಿದ ವಿಧಾನಕ್ಕೆ ಅಕ್ವಾಟಿಂಟ್ ಎಂದು ಹೆಸರು. ತಾಮ್ರದ ಫಲಕದ ಮೇಲೆ ರಾಳದ ನುಣ್ಣನೆಯ ಪುಡಿಯನ್ನು ಉದುರಿಸಿ, ಕಾಯಿಸಿ ಅಂಟಿಸಲಾಗುತ್ತದೆ. ಬಳಿಕ ಫಲಕವನ್ನು ಆಮ್ಲಕ್ಕೆ ಒಡ್ಡಿದಾಗ ಕಣಗಳ ನಡುವಿನ ತಾಮ್ರ ಮಾತ್ರ ಸವೆಯುತ್ತದೆ. ಬೆಳಕಾಗಿ ಕಾಣಬೇಕಾದ ಭಾಗಗಳಿಗೆ ವಾರ್ನಿಷ್ ಬಳಿದು ರಕ್ಷಿಸಲಾಗುತ್ತದೆ. ಆಮ್ಲದಲ್ಲಿ ಹೆಚ್ಚು ಹೊತ್ತು ಇದ್ದ ಭಾಗಗಳು ಹೆಚ್ಚು ಕಪ್ಪಾಗಿ ಮೂಡುತ್ತವೆ. ಗುಹೆಯೊಳಗಿನ ನಸುಗತ್ತಲೆಯನ್ನೂ ಕಂಬಗಳ ಮೇಲಿನ ಬೆಳಕನ್ನೂ ತೋರಿಸಲು ಇದು ತಕ್ಕ ವಿಧಾನವಾಗಿತ್ತು.

ಹೆಸರು ಮತ್ತು ದುಡಿಮೆ

ಎಲ್ಲೋರ ಸಂಪುಟದ ಶೀರ್ಷಿಕೆಯಲ್ಲಿ ಇಬ್ಬರು ಕಲಾವಿದರ ಹೆಸರುಗಳಿವೆ: ಮೂಲಚಿತ್ರಗಳನ್ನು ರಚಿಸಿದ ಸ್ಕಾಟ್ಲೆಂಡಿನ ಜೇಮ್ಸ್ ವೇಲ್ಸ್ ಹಾಗೂ ಫಲಕಗಳ ಕಾರ್ಯವನ್ನು ನಿರ್ವಹಿಸಿದ ಥಾಮಸ್ ಡೇನಿಯಲ್. ವೇಲ್ಸ್ 1795ರಲ್ಲಿಯೇ ನಿಧನನಾದುದರಿಂದ ಅಚ್ಚಾದ ಸಂಪುಟವನ್ನು ಕಾಣಲಿಲ್ಲ. ಅದೇ ದಶಕದಲ್ಲಿ ಪುಣೆಯ ಗಂಗಾರಾಮ ಚಿಂತಾಮಣ ತಾಂಬಟರೆಂಬ ಕಲಾವಿದರೂ ಎಲ್ಲೋರದ ಗುಹೆಗಳನ್ನು ಚಿತ್ರಿಸಿದ್ದರು. ಪೇಶ್ವೆಯ ಆಸ್ಥಾನದಲ್ಲಿ ಬ್ರಿಟಿಷ್ ಪ್ರತಿನಿಧಿಯಾಗಿದ್ದ ಚಾರ್ಲ್ಸ್ ಮ್ಯಾಲೆಟ್‌ಗಾಗಿ ಅವರು ಕೆಲಸ ಮಾಡುತ್ತಿದ್ದರು. ಹತ್ತನೆಯ ಗುಹೆಯಾದ ವಿಶ್ವಕರ್ಮ ಚೈತ್ಯದ ಒಳಭಾಗವನ್ನು ಅವರು ಬರೆದ ಚಿತ್ರ ಇಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾಸಂಗ್ರಹದಲ್ಲಿದೆ.

ಕಟ್ಟಿದವರ ವಿಷಯದಲ್ಲಿ ಅಚ್ಚುಚಿತ್ರವು ಮೌನವಾಗಿದೆ. ಅಲ್ಲಿ ಶಾಸನಗಳ ನೆರವು ಬೇಕಾಗುತ್ತದೆ. ನಾಸಿಕದ ಪಾಂಡವಲೇಣಿಯ ಶಾಸನಗಳು ಉಷವದಾತ, ಗೌತಮಿ ಬಲಶ್ರೀ ಮೊದಲಾದ ದಾನಿಗಳನ್ನು ಹೆಸರಿಸುತ್ತವೆ. ಒಂಬತ್ತನೆಯ ಶತಮಾನದ ಆರಂಭದ ಬರೋಡಾ ತಾಮ್ರಶಾಸನವು ಎಲಾಪುರದ ದೇಗುಲವನ್ನು ಕೃಷ್ಣರಾಜನಿಗೆ ಸಲ್ಲಿಸಿ, ಅದನ್ನು ರಚಿಸಿದ ಶಿಲ್ಪಿಯೇ ತನ್ನ ಕೃತಿಯನ್ನು ಕಂಡು ಬೆರಗಾದನೆಂದು ಹೇಳುತ್ತದೆ. ಆದರೆ ಆ ಶಿಲ್ಪಿಯ ಹೆಸರನ್ನು ತಿಳಿಸುವುದಿಲ್ಲ. ಉಳಿ ಹಿಡಿದ ಅಸಂಖ್ಯ ಕೈಗಳ ಹೆಸರುಗಳೂ ಉಳಿದುಬಂದಿಲ್ಲ.

ಆದುದರಿಂದ ಹಳೆಯ ಅಚ್ಚುಚಿತ್ರವನ್ನು ನೋಡುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ: ಸ್ಥಳದಲ್ಲಿ ನಿಂತು ಬರೆದವರು ಯಾರು? ಫಲಕವನ್ನು ಸಿದ್ಧಪಡಿಸಿದವರು ಯಾರು? ಚಿತ್ರದಲ್ಲಿ ಕಾಣುವ ನಿರ್ಮಾಣಕ್ಕಾಗಿ ದುಡಿದವರು ಯಾರು? ಮೊದಲ ಎರಡಕ್ಕೆ ಚಿತ್ರದ ಅಂಚಿನಲ್ಲಿ ಉತ್ತರ ದೊರೆಯಬಹುದು. ಮೂರನೆಯದಕ್ಕೆ ಉತ್ತರವನ್ನು ಶಾಸನಗಳಲ್ಲಿಯೂ ಬಂಡೆಯ ಮೇಲೆ ಇಂದಿಗೂ ಕಾಣುವ ಉಳಿಯ ಗುರುತುಗಳಲ್ಲಿಯೂ ಅರಸಬೇಕು. ಆ ಗುರುತುಗಳ ಮೇಲೆ ತಮ್ಮ ಹೆಸರು ಕೊರೆಯದೆ ಅವನ್ನು ಹಾಗೆಯೇ ಉಳಿಸುವುದು ಎಲ್ಲೋರಕ್ಕೆ ಭೇಟಿ ನೀಡುವ ಪ್ರತಿಯೊಬ್ಬರ ಕರ್ತವ್ಯವಾಗಿದೆ.