ಚಿಕ್ಕ ಲಿವರಿನ ದೊಡ್ಡ ಲೆಕ್ಕ

ಥಾರ್ ಜೀಪು ಇಟ್ಟುಕೊಂಡವರನ್ನು ಪೆಟ್ರೋಲ್ ಬಂಕಿನ ಹುಡುಗನಿಂದ ಹಿಡಿದು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಅಪರಿಚಿತರವರೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ಕೊಡುತ್ತೆ?’ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ ಹತ್ತು ಎಂದರೆ ಮುಖ ಹುಳ್ಳಗೆ ಮಾಡಿಕೊಂಡು ‘ಅಷ್ಟೇನಾ?’ ಎನ್ನುತ್ತಾರೆ. ಅವರ ಅನುಕಂಪಕ್ಕೆ ನನ್ನ ನಮಸ್ಕಾರ. ಆದರೆ ಅದು ತಪ್ಪು ಜಾಗಕ್ಕೆ ಬಿದ್ದ ಅನುಕಂಪ.

ಡೀಸೆಲ್ಲಿನ ಲೆಕ್ಕವನ್ನು ಮೊದಲೇ ಮುಗಿಸಿಬಿಡೋಣ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಹತ್ತರ ಲೆಕ್ಕದಲ್ಲಿ ನೂರು ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೆ 9,000. ಅದೇ ದಾರಿಯಲ್ಲಿ ಹದಿನೈದು ಕೊಡುವ ಸಣ್ಣ ಪೆಟ್ರೋಲ್ ಕಾರಿಗೆ 67 ಲೀಟರ್ ಸಾಕು. 102 ರೂಪಾಯಿಯಂತೆ 6,800 ಚಿಲ್ಲರೆ. ಎರಡರ ನಡುವೆ ಎರಡು ಸಾವಿರ ಚಿಲ್ಲರೆ ವ್ಯತ್ಯಾಸ. ಸಣ್ಣ ದುಡ್ಡು ಅಂತೇನೂ ಹೇಳುವುದಿಲ್ಲ. ಆದರೆ ಇಂಥ ಗಾಡಿಯನ್ನು ದಿನಬಳಕೆಗೆ ಇಟ್ಟುಕೊಂಡವರ ಜೇಬು ಖಾಲಿಯಾಗುವುದು ಬಂಕಿನಲ್ಲಲ್ಲ.

ಯಾರೂ ಕೇಳದ ಪ್ರಶ್ನೆ ಬೇರೆಯದಿದೆ. ಗೇರಿನ ಪಕ್ಕ ಇನ್ನೊಂದು ಕುಳ್ಳ ಲಿವರ್ ಇದೆಯಲ್ಲ, ಅದಕ್ಕೆಷ್ಟು ಬಿತ್ತು? ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಕ್ಕೆ ಹಂಚುವ, ಬೇಕೆಂದಾಗ ಲೋ ಗೇರಿಗೆ ಇಳಿಸುವ ಲಿವರ್ ಅದು. ನಾನು ಅದನ್ನು ಮುಟ್ಟುವುದು ಮಳೆಗಾಲದಲ್ಲಿ, ಹೆಂಡತಿಯ ತವರಿಗೆ ಹೋದಾಗ. ಮೂಡಿಗೆರೆ ಕಡೆಯ ಆ ಮನೆಗೆ ಡಾಂಬರು ರಸ್ತೆಯಿಂದ ಕೊನೆಯ ತುಂಡು ಎಸ್ಟೇಟಿನ ಮಣ್ಣುದಾರಿ: ಏರು, ತಿರುವು, ಜಾರು. ಉಳಿದಂತೆ ಮನೆ, ಆಫೀಸು, ತರಕಾರಿ ಅಂಗಡಿ, ಮಗಳ ಸಂಗೀತದ ಕ್ಲಾಸು. ಅಲ್ಲೆಲ್ಲ ಆ ಲಿವರ್ ಸುಮ್ಮನೆ ಕೂತಿರುತ್ತದೆ.

ಸುಮ್ಮನೆ ಕೂತಿದ್ದಕ್ಕೆ ಅದರ ಬಾಡಿಗೆ ಎಷ್ಟೆಂದು ನೋಡಿ. ಥಾರ್ ಎರಡು ಬಗೆಯ ಡೀಸೆಲ್ಲಿನಲ್ಲಿ ಬರುತ್ತದೆ. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ 1.5 ಲೀಟರಿನದು ಒಂದು, ಫೋರ್ ಬೈ ಫೋರ್ ಇರುವ 2.2 ಲೀಟರಿನದು ಇನ್ನೊಂದು. ಮೈಕಟ್ಟು ಒಂದೇ, ಉದ್ದವೂ ಒಂದೇ, 3,985 ಮಿಲಿಮೀಟರ್. ರಸ್ತೆಯಲ್ಲಿ ನಿಂತವರಿಗೆ ಗುರುತು ಸಿಗುವುದು ಕಷ್ಟ. ತೆರಿಗೆಯವರಿಗೆ ಮಾತ್ರ ಚೆನ್ನಾಗಿ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿಯಲ್ಲಿ, ನಾಲ್ಕು ಮೀಟರಿನೊಳಗಿನ, 1,500 ಸಿಸಿ ಮೀರದ ಡೀಸೆಲ್ ಕಾರಿಗೆ ಶೇ 18. ಅದನ್ನು ಮೀರಿದರೆ ಶೇ 40. ನಾನು ಕೊಂಡದ್ದು ಈ ಬದಲಾವಣೆಗೆ ಮೊದಲು. ಆಗಲೂ ಎರಡರ ಶೋರೂಮ್ ಬೆಲೆಯ ನಡುವೆ ಮೂರು ಲಕ್ಷಕ್ಕೆ ಕಡಿಮೆ ಇರಲಿಲ್ಲ. ಲೆಕ್ಕಕ್ಕೆ ಮೂರೇ ಎಂದಿಟ್ಟುಕೊಳ್ಳೋಣ.

ಈ ಮೂರು ಲಕ್ಷ ಒಂಟಿಯಾಗಿ ಬರುವುದಿಲ್ಲ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಲೈಫ್ ಟ್ಯಾಕ್ಸ್ ಶೇ 17, ಅದರ ಮೇಲೊಂದು ಸೆಸ್. ಸೆಸ್ಸನ್ನು ಬಿಟ್ಟರೂ ಮೂರು ಲಕ್ಷದ ಬಾಲಕ್ಕೆ 51,000 ಅಂಟಿಕೊಂಡಿತು. ಮುಂದೆ ಥರ್ಡ್ ಪಾರ್ಟಿ ವಿಮೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದ ಪ್ರಕಾರ ಹೊಸ ಕಾರಿಗೆ ಒಟ್ಟಿಗೇ ಕಟ್ಟಬೇಕಾದ ಮೂರು ವರ್ಷದ ಪ್ರೀಮಿಯಂ, 1,500 ಸಿಸಿವರೆಗಾದರೆ 10,640 ರೂಪಾಯಿ, ಮೀರಿದರೆ 24,596. ಅಲ್ಲಿ ಹದಿನಾಲ್ಕು ಸಾವಿರ. ಎಲ್ಲ ಸೇರಿ 3,65,000. ಇದನ್ನು ಶೇ 9ರ ಬಡ್ಡಿಗೆ ಐದು ವರ್ಷದ ಸಾಲದಲ್ಲಿ ತೀರಿಸಿದರೆ ತಿಂಗಳ ಕಂತು ಏಳೂವರೆ ಸಾವಿರ, ಕೊನೆಗೆ ಕಟ್ಟಿದ್ದು ನಾಲ್ಕೂವರೆ ಲಕ್ಷ. ಏಳು ವರ್ಷಕ್ಕೆ ಎಳೆದರೆ ಕಂತು ಹಗುರವಾಗುತ್ತದೆ, ಬಡ್ಡಿ ಬೆಳೆಯುತ್ತದೆ. ಶೋರೂಮಿನವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ.

ಅಂದರೆ ಜನ ಅಯ್ಯೋ ಎನ್ನುವ ಡೀಸೆಲ್ಲಿಗೆ ತಿಂಗಳಿಗೆ ಎರಡು ಸಾವಿರ ಹೆಚ್ಚು. ಯಾರ ಕಣ್ಣಿಗೂ ಬೀಳದ ಲಿವರಿಗೆ ಏಳೂವರೆ ಸಾವಿರ.

‘ಮಾರುವಾಗ ವಾಪಸ್ ಬರುತ್ತಲ್ಲ’ ಎನ್ನುವವರಿದ್ದಾರೆ. ಒಂದಿಷ್ಟು ಬರುತ್ತದೆ, ನಿಜ. ಹಳೇ ಗಾಡಿಯ ಮಾರುಕಟ್ಟೆಯಲ್ಲಿ ಡೀಸೆಲ್ ಫೋರ್ ಬೈ ಫೋರ್‌ಗೆ ಮಲೆನಾಡು, ಕೊಡಗಿನ ಕಡೆಯಿಂದ ಗಿರಾಕಿ ತಪ್ಪುವುದಿಲ್ಲ. ಆದರೆ ತೆರಿಗೆ, ವಿಮೆ, ಬಡ್ಡಿ ವಾಪಸ್ ಬರುವ ಜಾತಿಯವಲ್ಲ. ಜತೆಗೆ ಹಳೆಯದರ ಬೆಲೆ ಹೊಸದರ ಬೆಲೆಯ ನೆರಳಿನಲ್ಲೇ ಇರುತ್ತದೆ. 2023ರ ಜೂನ್‌ನಲ್ಲಿ ಬಂದ ಐದು ಬಾಗಿಲಿನ ಜಿಮ್ನಿ ಎಂಬ ಇಂಥದೇ ಗಾಡಿಗೆ ಅದೇ ಡಿಸೆಂಬರ್‌ನಲ್ಲಿ ಎರಡು ಲಕ್ಷದವರೆಗೆ ಬೆಲೆ ಇಳಿಯಿತು. ಆರು ತಿಂಗಳ ಹಿಂದೆ ಕೊಂಡವರ ಗಾಡಿಯ ಬೆಲೆಯೂ ಅದರ ಜತೆಗೇ ಇಳಿದಿರಬೇಕಲ್ಲ. ಮರುಮಾರಾಟದ ಬೆಲೆಯನ್ನು ನಾನು ಆದಾಯದ ಪಟ್ಟಿಯಲ್ಲಿ ಬರೆಯುವುದಿಲ್ಲ, ಬಂದಾಗ ಬರಲಿ.

ಇದಕ್ಕೆ ಪರ್ಯಾಯ ಇರಲಿಲ್ಲವೇ? ಇತ್ತು. ಮಾಂದಲಪಟ್ಟಿಗೋ ಕೊಡಚಾದ್ರಿಗೋ ಹೋದವರಿಗೆ ಗೊತ್ತು, ದಾರಿ ಕೆಟ್ಟಲ್ಲಿ ಬಾಡಿಗೆ ಜೀಪು ಕಾಯುತ್ತಿರುತ್ತದೆ. ವರ್ಷಕ್ಕೊಮ್ಮೆ ಬೆಟ್ಟ ಹತ್ತುವ ಆಸೆಯಿದ್ದವರಿಗೆ ಅದೇ ಸರಿ. ತಿಂಗಳಿಗೆ ಏಳೂವರೆ ಸಾವಿರವನ್ನು ಬಾಡಿಗೆಗೆ ಎತ್ತಿಟ್ಟರೆ ವರ್ಷಕ್ಕೆ 90,000. ಅಷ್ಟು ದುಡ್ಡಿಗೆ ಎಷ್ಟು ಬೆಟ್ಟ ಹತ್ತಬಹುದೋ ಎಣಿಸಿ. ನಮ್ಮ ಮನೆಯಲ್ಲಿ ವಿಷಯ ಬೇರೆ. ರಾತ್ರಿ ಹನ್ನೊಂದಕ್ಕೆ ಫೋನು ಬಂದರೆ ಹೊರಡಬೇಕಾದ ವಯಸ್ಸಿನಲ್ಲಿ ಅತ್ತೆ ಮಾವ ಇದ್ದಾರೆ, ಆ ಹೊತ್ತಿಗೆ ಮಳೆಯಲ್ಲಿ ಬಾಡಿಗೆ ಜೀಪು ಹುಡುಕುವ ಪಾಡು ಬೇಡ ಎಂದು ಇಬ್ಬರೂ ಕೂತು ಯೋಚಿಸಿ ಕೊಟ್ಟ ದುಡ್ಡಿದು. ವಿಮೆಯ ಹಾಗೆ ಅಂದುಕೊಂಡಿದ್ದೇವೆ. ಮಾವನ ಕಣ್ಣಿಗೆ ಇದೂ ಶೋಕಿಯೇ. ಅವರಿಗೆ ಜೀಪು ಎಂದರೆ ದುಡಿಯುವ ಗಾಡಿ: ಗೊಬ್ಬರದ ಮೂಟೆ, ಕಾಫಿ ಚೀಲ, ಪಂಪ್‌ಸೆಟ್ಟು, ಹಿಂದೆ ನೇತಾಡಿಕೊಂಡು ಬರುವ ಆಳುಗಳು. ಆಫೀಸಿಗೆ ಒಬ್ಬನೇ ಕೂತು ಹೋಗುವ ಜೀಪನ್ನು ಅವರು ಮೊದಲು ಕಂಡದ್ದು ಅಳಿಯನ ಬಳಿ.

ಇನ್ನು ಗಾಡಿಯ ಆಕಾರಕ್ಕೆ ತೆರುವ ಖರ್ಚು. ಇದು ಯಾವ ಕೊಟೇಶನ್ನಿನಲ್ಲೂ ಇರುವುದಿಲ್ಲ. ಮೂರು ಬಾಗಿಲಿನ ಗಾಡಿಯಲ್ಲಿ ಹಿಂದೆ ಕೂರುವವರು ಮುಂದಿನ ಸೀಟು ಮಡಚಿ ನುಸುಳಬೇಕು. ನೆಲದಿಂದ 226 ಮಿಲಿಮೀಟರ್ ಎತ್ತರದಲ್ಲಿರುವ ಗಾಡಿಗೆ ಸೀರೆ ಉಟ್ಟ ಎಪ್ಪತ್ತರ ಹೆಂಗಸು ಹತ್ತುವುದು ಸುಮ್ಮನೆ ಆಗುವ ಕೆಲಸವಲ್ಲ. ‘ಏಣಿ ಒಂದು ಇಟ್ಕೊಳ್ಳೋ ಗಾಡೀಲಿ’ ಎಂದು ಅಮ್ಮ ಮೊದಲ ದಿನವೇ ಹೇಳಿದಳು. ಫುಟ್‌ಸ್ಟೆಪ್ ಹಾಕಿಸಿದೆವು, ಮುಂದಿನ ಸೀಟು ಅವಳದಾಯಿತು. ಆದರೂ ನಾಲ್ಕು ಜನ ಲಗೇಜಿನೊಂದಿಗೆ ಹೊರಟರೆ ಹಿಂದೆ ಜಾಗವಿಲ್ಲ. ಮದುವೆ, ಆಸ್ಪತ್ರೆ, ರೈಲ್ವೆ ಸ್ಟೇಷನ್ ಎಂದರೆ ಕ್ಯಾಬ್. ಈ ಕ್ಯಾಬಿನ ಬಾಬ್ತನ್ನು ನಾನು ಮನೆಖರ್ಚಿನಲ್ಲಿ ಬರೆಯುವುದನ್ನು ಬಿಟ್ಟು ಗಾಡಿಯ ಖಾತೆಗೇ ಹಾಕುತ್ತೇನೆ. ಕೆಲವು ತಿಂಗಳು ಅದು ಡೀಸೆಲ್ಲಿನ ಆ ಎರಡು ಸಾವಿರವನ್ನೂ ಮೀರಿದ್ದುಂಟು. ಇದೇ ಕಾರಣಕ್ಕೆ ಸಂಸಾರವಂದಿಗರು 2024ರ ಆಗಸ್ಟ್‌ನಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್ ಕಡೆ ನೋಡಿದರೆ ಆಶ್ಚರ್ಯವಿಲ್ಲ.

ಓಡಿಸುವ ರೀತಿ ಬದಲಾದದ್ದರಲ್ಲೂ ದುಡ್ಡಿನ ಮಾತಿದೆ. ಡಬ್ಬಿಯಾಕಾರದ ಗಾಡಿ ಗಾಳಿಯನ್ನು ಸೀಳುವುದಿಲ್ಲ, ತಳ್ಳುತ್ತದೆ. ನೆಲಮಂಗಲ ದಾಟಿ ಹಾಸನದ ಹೆದ್ದಾರಿಯಲ್ಲಿ ನೂರರ ಮೇಲೆ ಹೋದರೆ ಡೀಸೆಲ್ಲಿನ ಮುಳ್ಳು ಎದ್ದು ಕಾಣುವಂತೆ ಇಳಿಯುತ್ತದೆ. ಎಂಬತ್ತೈದರ ಆಸುಪಾಸಿನಲ್ಲಿ ಹೋದರೆ ಮಾತು ಕೇಳುತ್ತದೆ. ಎತ್ತರದ ಗಾಡಿ ತಿರುವಿನಲ್ಲಿ ವಾಲುತ್ತದೆ, ಭಾರವಿರುವುದರಿಂದ ಬ್ರೇಕಿಗೆ ಹೆಚ್ಚು ದೂರ ಬೇಕು. ಮುಂದಿನವರಿಂದ ಅಂತರ ಬಿಟ್ಟು, ದೂರದಿಂದಲೇ ಆಕ್ಸಲರೇಟರ್ ಬಿಟ್ಟು ಬರುವುದು ಅಭ್ಯಾಸವಾಯಿತು. ಬ್ರೇಕ್ ಪ್ಯಾಡೂ ಉಳಿಯಿತು, ರಕ್ತದೊತ್ತಡವೂ. ಸ್ಟೆಪ್ನಿ ನೇತುಹಾಕಿರುವ ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುವುದರಿಂದ ಪಾರ್ಕಿಂಗಿನಲ್ಲಿ ಹಿಂದೆ ಜಾಗ ಬಿಡಲು ಕಲಿಯಬೇಕು. ಟೋಲಿನಲ್ಲಿ ಮಾತ್ರ ಭೇದವಿಲ್ಲ: ಕಾರು, ಜೀಪು, ವ್ಯಾನು ಒಂದೇ ವರ್ಗ, ಫಾಸ್ಟ್ಯಾಗ್ ವಾರ್ಷಿಕ ಪಾಸೂ ಸಿಗುತ್ತದೆ.

ಎರಡು ವಿಷಯ ಮಾತ್ರ ಯಾರೇ ಹೊಸಬರು ಸಿಕ್ಕರೂ ಹೇಳುತ್ತೇನೆ. ಒಣ ಡಾಂಬರಿನ ಮೇಲೆ ಆ ಲಿವರನ್ನು ಫೋರ್ ಹೈಗೆ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಸ್ಥಾನಕ್ಕೆ, ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಮಣ್ಣಿನಲ್ಲಾದರೆ ಟಯರು ಜಾರಿ ಆ ವ್ಯತ್ಯಾಸ ಕಳೆಯುತ್ತದೆ, ಡಾಂಬರಿನಲ್ಲಿ ಜಾರುವುದಿಲ್ಲ, ಬಿಗಿತವೆಲ್ಲ ಹಲ್ಲಿನ ಚಕ್ರಗಳ ಮೇಲೆ ಬೀಳುತ್ತದೆ. ಎರಡನೆಯದು ಡೀಸೆಲ್ಲಿನ ಮಸಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಎಂಜಿನ್ ಬಿಸಿಯಾಗಿ, ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಮೂರು ಕಿಲೋಮೀಟರಿನ ಆಫೀಸಿಗೆ ಮಾತ್ರ ಓಡಿಸುವವರಿಗೆ ಡೀಸೆಲ್ ಯಾಕೆ? ನಾನು ಆಗಾಗ ಭಾನುವಾರ ಬೆಳಿಗ್ಗೆ ತುಮಕೂರು ರಸ್ತೆಯಲ್ಲಿ ಇಡ್ಲಿ ತಿನ್ನಲು ಹೋಗುವುದಕ್ಕೆ ಮನೆಯಲ್ಲಿ ಕೊಡುವ ಅಧಿಕೃತ ಕಾರಣ ಈ ಫಿಲ್ಟರ್.

ವಿಮೆಯ ಕಾಗದವನ್ನು ಇಂಥ ಗಾಡಿಯವರು ಉಳಿದವರಿಗಿಂತ ಹೆಚ್ಚು ಗಮನವಿಟ್ಟು ಓದಬೇಕು. ಬಂಪರು, ಚಕ್ರದ ಮೇಲಿನ ಹೊದಿಕೆ ಎಲ್ಲ ಪ್ಲಾಸ್ಟಿಕ್. ಗಲ್ಲಿಯಲ್ಲಿ ಮೊದಲು ಉಜ್ಜಿಸಿಕೊಳ್ಳುವುದೂ ಅವೇ. ಮಾಮೂಲಿ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಸವಕಳಿ ಎಂದು ಶೇ 50 ಕಡಿಯುತ್ತಾರೆ. ಹಾಗಾಗಿ ಸವಕಳಿ ಕಡಿಯದ ಝೀರೋ ಡೆಪ್ ಇಲ್ಲಿ ಬರೀ ಬಾಯಿಮಾತಿನ ಉಪಯೋಗದ್ದಲ್ಲ. ಇನ್ನೊಂದು, 650 ಮಿಲಿಮೀಟರ್ ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿ ಹೇಳುವುದನ್ನು ಬೆಂಗಳೂರಿನ ಅಂಡರ್‌ಪಾಸಿಗೆ ಅನ್ವಯಿಸಬಾರದು. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಜೀವ ಕಳೆದುಕೊಂಡದ್ದು ನೆನಪಿದೆಯಲ್ಲ. ಕೆಸರು ನೀರಿನ ಆಳ ಮೇಲಿನಿಂದ ಕಾಣುವುದಿಲ್ಲ. ನೀರು ಹೋಗಿ ಎಂಜಿನ್ ಕೆಟ್ಟರೆ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಕೊಳ್ಳದವರಿಗೆ ಹಣ ಸಿಗುವುದು ಕಷ್ಟ. ಸ್ಪರ್ಧೆ, ರ‍್ಯಾಲಿ, ವೇಗದ ಪರೀಕ್ಷೆ ಇತ್ಯಾದಿ ಖಾಸಗಿ ಕಾರಿನ ಪಾಲಿಸಿಯ ವ್ಯಾಪ್ತಿಯ ಹೊರಗೆ. ಭಾನುವಾರದ ಕೆಸರಿನ ಕೂಟಕ್ಕೆ ಹೆಸರು ಕೊಡುವ ಮುನ್ನ ಆ ಪುಟ ಓದಿ.

ಆಕ್ಸೆಸರಿ ಅಂಗಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬರೆದರೆ ನನ್ನ ಸ್ನೇಹಿತರು ಮಾತು ಬಿಡುತ್ತಾರೆ. ಕಬ್ಬಿಣದ ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ತಯಾರಕರು ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಾದ ಮೇಲೂ ಲಕ್ಷಗಟ್ಟಲೆ ಸುರಿಯುವವರಿದ್ದಾರೆ. ಆ ದುಡ್ಡಿಗೆ ಬ್ಯಾಂಕು ಬೆಲೆ ಕಟ್ಟುವುದಿಲ್ಲ, ವಿಮೆಯವರು ತಕರಾರು ತೆಗೆಯುತ್ತಾರೆ, ಕೊಳ್ಳುವವನು ‘ಬಿಚ್ಚಿ ಇಟ್ಕೊಳಿ ಸರ್’ ಎನ್ನುತ್ತಾನೆ.

ಈಗ ನನ್ನ ಮುಂದಿರುವುದು ಟಯರಿನ ಬಾಬ್ತು. ಮಣ್ಣಿಗೂ ರಸ್ತೆಗೂ ಆಗುವ ಆಲ್ ಟೆರೇನ್ ಟಯರು ಒಂದಕ್ಕೆ ಹತ್ತು ಸಾವಿರದ ಮೇಲೆ. ಫೋರ್ ಬೈ ಫೋರ್ ಆದ್ದರಿಂದ ನಾಲ್ಕರ ಸುತ್ತಳತೆಯೂ ಒಂದೇ ಇರಬೇಕು. ಎರಡು ಹೊಸದು ಎರಡು ಹಳೆಯದು ಎಂಬ ಮಧ್ಯಮವರ್ಗದ ಉಪಾಯ ಇಲ್ಲಿ ನಡೆಯುವುದಿಲ್ಲ. ರಸ್ತೆಯ ಟಯರು ಹಾಕಿಸಿದರೆ ಸದ್ದು ಕಡಿಮೆ, ಡೀಸೆಲ್ ಸ್ವಲ್ಪ ಉಳಿತಾಯ, ಮಳೆಗಾಲದ ಎಸ್ಟೇಟ್ ದಾರಿಯಲ್ಲಿ ಮಾತ್ರ ಅನುಮಾನ. ಹೋದ ವಾರ ಫೋನಿನಲ್ಲಿ ಮಾವನನ್ನು ಕೇಳಿದೆ. ‘ರೋಡ್ ಟಯರೇ ಹಾಕ್ಸಿ ಮಾರಾಯ್ರೆ’ ಎಂದರು. ‘ಮಳೆಗಾಲ್ದಲ್ಲಿ ಹಿಂದಿನ ಎರಡು ಚಕ್ರಕ್ಕೆ ಚೈನ್ ಕಟ್ಟಿದ್ರಾಯ್ತು. ನಾವು ಇಷ್ಟು ವರ್ಷ ಓಡ್ಸಿದ್ದು ಹಾಗೇ ಅಲ್ವಾ?’ ಹಾಗಾದರೆ ಫೋರ್ ಬೈ ಫೋರ್ ಯಾಕೆ ಬೇಕಿತ್ತು ಎಂಬ ಪ್ರಶ್ನೆಯನ್ನು ಅವರು ಕೇಳಲಿಲ್ಲ, ಪುಣ್ಯಾತ್ಮರು. ಗಾಡಿಯ ಕೈಪಿಡಿಯಲ್ಲಿ ಚೈನಿನ ಬಗ್ಗೆ ಏನಿದೆ ಎಂದು ನೋಡಿ, ಮೂಡಿಗೆರೆಯ ಅಂಗಡಿಯಲ್ಲಿ ರೇಟು ವಿಚಾರಿಸಿ, ಆಮೇಲೆ ಟಯರಿನ ಅಂಗಡಿಗೆ ಹೋಗುವುದೆಂದು ತೀರ್ಮಾನಿಸಿದ್ದೇನೆ.