ಕೂರುವ ಶಾಕ್, ಹೊಂದುವ ಶಾಕ್

ಹಳೆಯ ಸ್ಪೋರ್ಟ್ಸ್ ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್ ಬದಲಿಸಬೇಕಾಗಿ ಬಂದಾಗ ನಮ್ಮ ಕಣ್ಣು ಮೊದಲು ಹೋಗುವುದು ಬೆಲೆಯ ಚೀಟಿಗೆ. ಅಗ್ಗದ್ದು ಯಾವುದು, ದುಬಾರಿ ಯಾವುದು, ನಡುವಿನದು ಯಾವುದು ಎಂದು ಮೂರು ರಾಶಿ ಮಾಡಿ, ಕೈಯಲ್ಲಿರುವ ದುಡ್ಡಿಗೆ ತಕ್ಕದ್ದನ್ನು ಎತ್ತಿಕೊಳ್ಳುತ್ತೇವೆ. ಈ ಕ್ರಮವೇ ತಪ್ಪು ಎನ್ನುವುದು ನನ್ನ ವಾದ. ಈ ಕೆಲಸದ ಒಟ್ಟು ಖರ್ಚಿನಲ್ಲಿ ಶಾಕಿನ ಬೆಲೆ ಒಂದು ಪಾಲು ಮಾತ್ರ. ಎಷ್ಟೋ ಸಲ ಅದಕ್ಕಿಂತ ದೊಡ್ಡ ಪಾಲು, ಚಕ್ರದ ಮೂಲೆಯನ್ನು ಬಿಚ್ಚಿ ಮತ್ತೆ ಜೋಡಿಸುವ ಕೂಲಿಯದು. ಆ ಕೂಲಿಯನ್ನು ಒಂದೇ ಸಲ ಕೊಡುತ್ತೀರೋ ಎರಡೆರಡು ಸಲ ಕೊಡುತ್ತೀರೋ ಎಂಬುದು, ಕೊಂಡ ಶಾಕ್ ನಿಮ್ಮ ಕಾರಿಗೆ ಹೊಂದುತ್ತದೆಯೇ ಎಂಬುದರ ಮೇಲೆ ನಿಂತಿದೆ. ಬೋಲ್ಟಿನ ತೂತಿಗೆ ತೂತು ಸೇರಿದರೆ ಶಾಕ್ ಕೂತಿತು ಎಂದರ್ಥ. ಹೊಂದಿತು ಎನ್ನಲು ಅಷ್ಟು ಸಾಲದು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಕಾರನ್ನು ಹಿಡಿದುಕೊಳ್ಳುತ್ತೇನೆ. ಮಾಜ್ದಾ ಎಂಎಕ್ಸ್-5, ಅಮೆರಿಕದವರ ಬಾಯಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್. 1989ರ ಫೆಬ್ರುವರಿಯಲ್ಲಿ ಶಿಕಾಗೋ ಆಟೋ ಶೋದಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಸೀಟಿನ ಕಾರು, ಮೊದಲ ಪೀಳಿಗೆಯೊಂದರಲ್ಲೇ 4 ಲಕ್ಷಕ್ಕೂ ಹೆಚ್ಚು ತಯಾರಾಯಿತು. ತೂಕ ಒಂದು ಟನ್ನಿನ ಆಸುಪಾಸು. ನಾಲ್ಕೂ ಮೂಲೆಯಲ್ಲಿ ಮೇಲೊಂದು ಕೆಳಗೊಂದು ತೋಳಿನ ಡಬಲ್ ವಿಷ್‌ಬೋನ್ ಸಸ್ಪೆನ್ಷನ್, ಶಾಕಿನ ಸುತ್ತಲೂ ಸುತ್ತಿಕೊಂಡ ಸ್ಪ್ರಿಂಗ್. ಕೋಟಿ ಬಾಳುವ ಕಾರಲ್ಲ. ಸಂಬಳದಲ್ಲಿ ಉಳಿಸಿದ ಹಣದಿಂದ ಕೊಳ್ಳಬಹುದಾದ್ದರಿಂದಲೇ ಅಮೆರಿಕಕ್ಕೆ ಬಂದು ನೆಲೆಸಿದ ನಮ್ಮಂಥವರಿಗೂ ಇದು ಕೈಗೆಟುಕುತ್ತದೆ, ಅದಕ್ಕೇ ಇದರ ಖರ್ಚಿನ ಲೆಕ್ಕ ಮುಖ್ಯ. ಆ ಪೀಳಿಗೆಯ ಅತಿ ಕಿರಿಯ ಕಾರು 1997ರದು. ಅಂದರೆ ಇಂದು ಮಾರಾಟಕ್ಕೆ ಸಿಗುವ ಯಾವ ಕಾರೂ ಕಾರ್ಖಾನೆಯಿಂದ ಬಂದಂತೆಯೇ ಉಳಿದಿದೆ ಎಂದು ನಂಬಿ ಬಿಡಿಭಾಗ ತರಿಸುವಂತಿಲ್ಲ. ಹಿಂದಿನ ಮಾಲೀಕರಲ್ಲಿ ಒಬ್ಬರು ಸ್ಪ್ರಿಂಗ್ ಬದಲಿಸಿರಬಹುದು, ಇನ್ನೊಬ್ಬರು ಶಾಕನ್ನು ಕಾರಿನ ಒಡಲಿಗೆ ಹಿಡಿಸುವ ಮೇಲಿನ ಮೌಂಟ್ ಬದಲಿಸಿರಬಹುದು. ಕ್ಯಾಟಲಾಗು ಕೇಳುವುದು ಕಾರಿನ ವರ್ಷವನ್ನು. ನಿಮ್ಮ ಶಾಕ್ ಕೇಳುವುದು ಅದರ ಮೇಲೆ ಕೂತ ಸ್ಪ್ರಿಂಗನ್ನು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಬೆಳೆದವರಿಗೆ ಒಂದು ಒಳ್ಳೆಯ ಅಭ್ಯಾಸವಿದೆ. ಹಳೆಯ ಭಾಗವನ್ನು ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ, ಕೌಂಟರಿನ ಮೇಲಿಟ್ಟು, "ಇಂಥದ್ದೇ ಕೊಡಿ" ಎನ್ನುವುದು. ಫ್ಯಾನ್ ಬೆಲ್ಟಿಗೆ, ಬ್ರೇಕ್ ಪ್ಯಾಡಿಗೆ, ಬೇರಿಂಗಿಗೆ ಈ ವಿಧಾನವನ್ನು ಮೀರಿಸಿದ್ದು ಇನ್ನೊಂದಿಲ್ಲ. ಶಾಕಿಗೆ ಮಾತ್ರ ಇದು ಅರ್ಧ ಕೆಲಸ ಮಾಡುತ್ತದೆ. ಕೆಳಗಿನ ಕಣ್ಣಿನ ಅಗಲ, ಬುಷ್ಷಿನ ಒಳವ್ಯಾಸ, ಮೇಲಿನ ದಂಡದ ಮರೆ (ಥ್ರೆಡ್), ಸ್ಪ್ರಿಂಗ್ ಕೂರುವ ತಟ್ಟೆಯ ಎತ್ತರ, ಇವೆಲ್ಲ ಕೈಯಲ್ಲಿ ಹಿಡಿದು ಹೋಲಿಸಬಹುದಾದವು. ಆದರೆ ಶಾಕ್ ಕೆಲಸ ಮಾಡುವುದು ಒಳಗೆ. ಎಣ್ಣೆ ತುಂಬಿದ ಕೊಳವೆಯಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ನಿನ ತೂತುಗಳನ್ನು ಮುಚ್ಚಿಕೊಂಡು ಕಾಗದದಷ್ಟು ತೆಳ್ಳಗಿನ ಉಕ್ಕಿನ ತಟ್ಟೆಗಳು ಒಂದರ ಮೇಲೊಂದು ಕೂತಿರುತ್ತವೆ. ಎಣ್ಣೆ ಆ ತಟ್ಟೆಗಳನ್ನು ಬಾಗಿಸಿಕೊಂಡು ದಾರಿ ಮಾಡಿಕೊಳ್ಳಬೇಕು. ಆ ಪ್ರಯಾಸದಲ್ಲೇ ಸ್ಪ್ರಿಂಗಿನ ಕುಣಿತ ಬಿಸಿಯಾಗಿ ಕರಗಿಹೋಗುತ್ತದೆ. ತಟ್ಟೆಗಳ ದಪ್ಪ ಕೂದಲೆಳೆಯಷ್ಟು ಬೇರೆಯಾದರೂ ಶಾಕಿನ ಸ್ವಭಾವ ಬೇರೆಯಾಗುತ್ತದೆ, ಹೊರಗಿನ ಕೊಳವೆ ಮಾತ್ರ ಹಾಗೆಯೇ ಕಾಣುತ್ತದೆ. ಹೊರಗೆ ಒಂದೇ ಅಳತೆಯ, ಒಳಗೆ ತೀರಾ ಬೇರೆಯಾದ ಎರಡು ಶಾಕುಗಳನ್ನು ಅಂಗಡಿಯವನೂ ಕಣ್ಣಳತೆಯಲ್ಲಿ ಬೇರ್ಪಡಿಸಲಾರ.

ಸ್ಪ್ರಿಂಗಿಗೂ ಶಾಕಿಗೂ ಇರುವ ಸಂಬಂಧವನ್ನು ಒಂದು ಸರಳ ಗಣಿತ ಹೇಳುತ್ತದೆ. ಕಾರಿನ ತೂಕ ಅಷ್ಟೇ ಇದ್ದು ಸ್ಪ್ರಿಂಗಿನ ಬಿಗಿ ಎರಡು ಪಟ್ಟಾದರೆ, ಕುಣಿತವನ್ನು ಮೊದಲಿನಷ್ಟೇ ಚೆನ್ನಾಗಿ ಹಿಡಿಯಲು ಶಾಕಿನ ತಡೆ ಎರಡರ ವರ್ಗಮೂಲದಷ್ಟು, ಅಂದರೆ ಸುಮಾರು 1.4 ಪಟ್ಟು ಹೆಚ್ಚಬೇಕು. ಬಿಗಿ ಸ್ಪ್ರಿಂಗಿಗೆ ಮೆತ್ತನೆಯ ಶಾಕ್ ಹಾಕಿದರೆ ಪ್ರತಿ ಉಬ್ಬಿನ ನಂತರವೂ ಮೂತಿ ಎರಡು ಮೂರು ಸಲ ತೂಗಾಡುತ್ತದೆ. ಮೆತ್ತನೆಯ ಸ್ಪ್ರಿಂಗಿಗೆ ಬಿಗಿ ಶಾಕ್ ಹಾಕುವುದು ಇನ್ನೂ ಕೆಟ್ಟದ್ದು, ಇದನ್ನು ಬಹಳ ಜನ ಒಪ್ಪುವುದಿಲ್ಲ. ಒಂದು ಉಬ್ಬಿಗೆ ಒತ್ತಿಕೊಂಡ ಚಕ್ರ ಕೆಳಗೆ ಮರಳುವುದನ್ನು ಶಾಕ್ ತಡೆಹಿಡಿಯುತ್ತದೆ, ಅದು ಮರಳುವಷ್ಟರಲ್ಲಿ ಮುಂದಿನ ಉಬ್ಬು ಬರುತ್ತದೆ. ಹೀಗೆ ಸಾಲು ಉಬ್ಬುಗಳ ರಸ್ತೆಯಲ್ಲಿ ಕಾರು ಮೆಲ್ಲಮೆಲ್ಲನೆ ಕುಗ್ಗುತ್ತಾ ರಬ್ಬರಿನ ತಡೆಯ ಮೇಲೇ ಕೂತುಬಿಡುತ್ತದೆ. "ಸ್ಪೋರ್ಟ್" ಎಂಬ ಪದಕ್ಕೆ ಹೆಚ್ಚು ಹಣ ಕೊಟ್ಟು ಇಂಥ ಸವಾರಿಯನ್ನು ಕೊಂಡಂತಾಗುತ್ತದೆ. ಆದ್ದರಿಂದ ಶಾಕ್ ಹುಡುಕುವ ಮುಂಚೆ ಸ್ಪ್ರಿಂಗನ್ನು ಗುರುತಿಸಿ. ತಂತಿಯ ದಪ್ಪ ಅಳೆಯಿರಿ, ಸುತ್ತು ಎಣಿಸಿ, ಬಣ್ಣದ ಗುರುತೋ ಅಚ್ಚೊತ್ತಿದ ಸಂಖ್ಯೆಯೋ ಇದೆಯೇ ನೋಡಿ. ಅಮೆರಿಕದಲ್ಲಿ 1994ರಿಂದ ಬಂದ ಆರ್ ಪ್ಯಾಕೇಜಿನ ಕಾರುಗಳಿಗೆ ಕಾರ್ಖಾನೆಯಲ್ಲೇ ಬಿಗಿ ಸ್ಪ್ರಿಂಗೂ ಬಿಲ್‌ಸ್ಟೈನ್ ಶಾಕೂ ಇದ್ದವು. ಅದೇ ವರ್ಷದ ಸಾಮಾನ್ಯ ಮಿಯಾಟಾದ ಲೆಕ್ಕ ಬೇರೆ. ಮೂಲ ಸ್ಪ್ರಿಂಗ್ ಇದ್ದರೆ ಕಯಾಬಾದ ಸಾಮಾನ್ಯ ಬದಲಿ ಶಾಕ್ ಸಾಕು, ಅದು ಮೂಲ ಸ್ವಭಾವವನ್ನು ಮರಳಿಸಲೆಂದೇ ಮಾಡಿದ್ದು. ಸ್ಪ್ರಿಂಗ್ ಬಿಗಿಯಾಗಿದ್ದರೆ, ಅಥವಾ ಮುಂದೆ ಬದಲಿಸುವ ಆಲೋಚನೆಯಿದ್ದರೆ, ಚಕ್ರ ಮರಳುವಾಗಿನ ತಡೆಯನ್ನು ತಿರುಗಿಸಿ ಹೆಚ್ಚುಕಡಿಮೆ ಮಾಡಬಹುದಾದ ಕೋನಿಯ ಹಳದಿ ಶಾಕಿಗೆ ಕೊಟ್ಟ ಹೆಚ್ಚಿನ ಹಣಕ್ಕೆ ಅರ್ಥವಿದೆ.

ಇನ್ನೊಂದು ವಿಷಯ ಶಾಕಿನ ದಂಡದ ಓಡಾಟದ ಉದ್ದ. ನನ್ನ ಮಟ್ಟಿಗೆ ಹೊಂದಾಣಿಕೆಯ ತಿರುಳು ಇಲ್ಲಿದೆ, ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಶಾಕಿನ ದಂಡಕ್ಕೆ ಪೋಣಿಸಿದ ಬಂಪ್ ಸ್ಟಾಪ್ ಎಂಬ ಬೆರಳುದ್ದದ ನೊರೆ ರಬ್ಬರು, ಚಕ್ರ ಪೂರಾ ಮೇಲೆದ್ದಾಗ ಲೋಹಕ್ಕೆ ಲೋಹ ಬಡಿಯದಂತೆ ಕಾಯುತ್ತದೆ. ಇಪ್ಪತ್ತು ವರ್ಷ ಕಳೆದ ಕಾರಿನಲ್ಲಿ ಇದನ್ನು ಬೆರಳಲ್ಲಿ ಒತ್ತಿದರೆ ಒಣಗಿದ ರೊಟ್ಟಿಯಂತೆ ಪುಡಿಯಾಗಿ ಉದುರುವುದೇ ಹೆಚ್ಚು. ಮಿಯಾಟಾದ ಮೊದಲ ಪೀಳಿಗೆಯಲ್ಲಿ ಬಂಪ್ ಸ್ಟಾಪ್ ಮುಟ್ಟುವವರೆಗಿನ ಓಡಾಟ ಮೊದಲೇ ಕಡಿಮೆ, ಏಕೆಂದರೆ ಮೇಲಿನ ಮೌಂಟಿನ ದಪ್ಪ ರಬ್ಬರು ಒಂದಿಷ್ಟು ಜಾಗ ತಿನ್ನುತ್ತದೆ. 1998ರಲ್ಲಿ ಬಂದ ಎರಡನೆಯ ಪೀಳಿಗೆಯ ಮೌಂಟಿನಲ್ಲಿ ಈ ಕೊರತೆಯನ್ನು ತಿದ್ದಲಾಗಿದೆ. ಎರಡನೆಯ ಪೀಳಿಗೆಯ ಶಾಕ್, ಸ್ಪ್ರಿಂಗ್, ಮೌಂಟನ್ನು ಇಡಿಯಾಗಿ ತೆಗೆದರೆ ಅದನ್ನು ಮೊದಲ ಪೀಳಿಗೆಯ ಕಾರಿಗೆ ಬೋಲ್ಟ್ ಮಾಡಿ ಕೂರಿಸಬಹುದು. ಬಿಡಿಬಿಡಿಯಾಗಿ ಬೆರೆಸಲು ಹೋದಾಗಲೇ ವಾಷರು, ಸ್ಲೀವು, ದಂಡದ ಮರೆಯ ಉದ್ದ ಸರಿಹೋಗದೆ ತೊಂದರೆ ಶುರು. ಈಗ ಇಂಥ ಕಾರನ್ನು ಯಾರೋ 30 ಮಿಲಿಮೀಟರ್ ತಗ್ಗಿಸಿದ್ದಾರೆ ಎಂದುಕೊಳ್ಳಿ. ಡಬಲ್ ವಿಷ್‌ಬೋನಿನಲ್ಲಿ ಚಕ್ರ ಚಲಿಸುವಷ್ಟು ಶಾಕ್ ಚಲಿಸುವುದಿಲ್ಲ, ಹಾಗಾಗಿ ಶಾಕಿನ ಮಟ್ಟದಲ್ಲಿ ಕಳೆದುಹೋದದ್ದು ಅದಕ್ಕಿಂತ ಕಡಿಮೆ. ಆದರೂ ಇದ್ದ ಕೊಂಚ ಓಡಾಟದಲ್ಲಿ ಅದು ದೊಡ್ಡ ಕಡಿತ. ಅಂಥ ಕಾರಿಗೆ ಮೂಲ ಉದ್ದದ ಶಾಕ್ ಎಷ್ಟೇ ಒಳ್ಳೆಯದನ್ನು ಹಾಕಿದರೂ ಅದು ಬಂಪ್ ಸ್ಟಾಪನ್ನೇ ಗುದ್ದುತ್ತಾ ಬದುಕುತ್ತದೆ. ಇದನ್ನು ಕಂಡುಹಿಡಿಯಲು ಕಾಸಿನ ಖರ್ಚಿಲ್ಲ. ಈಗಿರುವ ಶಾಕಿನ ಹೊಳೆಯುವ ದಂಡಕ್ಕೆ ಪ್ಲಾಸ್ಟಿಕ್ ಟೈ ಒಂದನ್ನು ಬಿಗಿಯಾಗಿ ಕಟ್ಟಿ, ನಿತ್ಯದ ರಸ್ತೆಯಲ್ಲಿ ಒಂದು ವಾರ ಓಡಿಸಿ. ಟೈ ಎಲ್ಲಿಗೆ ತಳ್ಳಲ್ಪಟ್ಟಿದೆಯೋ ಅಷ್ಟು ಓಡಾಟ ಬಳಕೆಯಾಗಿದೆ. ಅದು ಬಂಪ್ ಸ್ಟಾಪಿಗೆ ಒತ್ತಿಕೊಂಡು ಕೂತಿದ್ದರೆ ನಿಮಗೆ ಬೇಕಿರುವುದು ಹೆಚ್ಚು ಓಡಾಟ, ಹೆಚ್ಚು ಬೆಲೆಯ ಶಾಕಲ್ಲ.

ಈಗ ಹಣದ ಲೆಕ್ಕ. ಅಂಕಿಗಳು ವಿವರಣೆಗಾಗಿ ನಾನೇ ಇಟ್ಟವು, ನಿಮ್ಮ ಊರಿನ ದರ ತುಂಬಿಕೊಳ್ಳಿ. ಮುಂದಿನ ಎರಡು ಮೂಲೆಗೆ ಮೂರು ಗಂಟೆಯ ಕೆಲಸ, ಗಂಟೆಗೆ 120 ಡಾಲರಿನಂತೆ 360. ಚಕ್ರದ ಅಲೈನ್‌ಮೆಂಟಿಗೆ 120. ಒಟ್ಟು 480 ಡಾಲರ್, ಯಾವ ಶಾಕ್ ಹಾಕಿದರೂ ಇದು ತಪ್ಪಿದ್ದಲ್ಲ. ಅಗ್ಗದ ಜೋಡಿ 160 ಡಾಲರಿಗೆ ಸಿಕ್ಕಿತೆನ್ನಿ, ಬಿಲ್ಲು 640. ಸ್ಪ್ರಿಂಗಿಗೆ ಹೊಂದುವ ಜೋಡಿಗೆ 400, ಹೊಸ ಮೌಂಟು, ಬಂಪ್ ಸ್ಟಾಪು, ಬುಷ್ಷಿಗೆ 120, ಬಿಲ್ಲು 1,000. ಮೇಲ್ನೋಟಕ್ಕೆ 360 ಡಾಲರ್ ವ್ಯತ್ಯಾಸ. ಆದರೆ ಹಳೆಯ ಪುಡಿ ರಬ್ಬರಿನ ಮೇಲೆ ಕೂತ ಅಗ್ಗದ ಶಾಕ್ ನಾಲ್ಕು ವರ್ಷಕ್ಕೆ ಸೋತರೆ ವರ್ಷಕ್ಕೆ 160 ಬಿತ್ತು, ಎರಡನೆಯದು ಎಂಟು ವರ್ಷ ಬಂದರೆ 125. ಅಗ್ಗದ್ದು ಐದು ವರ್ಷ ಬಾಳಿದರೂ 128. ಗಮನಿಸಿ, ಇಲ್ಲಿ ತಕ್ಕಡಿಯನ್ನು ವಾಲಿಸಿದ್ದು ದುಬಾರಿ ಬ್ರ್ಯಾಂಡಿನ ಹೆಸರಲ್ಲ, ಎರಡು ಸಲ ತೆರಬೇಕಾದ 480. ನೀವೇ ಸ್ಪ್ಯಾನರ್ ಹಿಡಿಯುವವರಾದರೆ ಲೆಕ್ಕ ಬದಲಾಗುತ್ತದೆ, ಆಗ ಅಗ್ಗದ ಶಾಕಿನ ಪರ ವಾದ ಗಟ್ಟಿ. ಆದರೂ ಮೌಂಟು ಬಂಪ್ ಸ್ಟಾಪುಗಳ 120 ಡಾಲರನ್ನು ಮಾತ್ರ ಉಳಿಸಲು ಹೋಗಬೇಡಿ. ಅವನ್ನು ಮುಟ್ಟಲು ಶಾಕನ್ನು ಪೂರ್ತಿ ಬಿಚ್ಚಲೇಬೇಕು, ಬಿಚ್ಚಿದ ದಿನವೇ ಅವು ಅಗ್ಗ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದು: ವರ್ಷಕ್ಕೆ ಎರಡು ಮೂರು ಸಾವಿರ ಮೈಲು ಓಡುವ ಕಾರಿಗೆ ಅಗ್ಗದ ಶಾಕೂ ಎಂಟು ವರ್ಷ ಬಂದೀತು. ಒಪ್ಪುತ್ತೇನೆ, ಬಂದೀತು. ಮೂಲ ಸ್ಪ್ರಿಂಗ್ ಇದ್ದು, ಶಾಕ್ ಅದಕ್ಕೆ ಹೊಂದುವುದಾದರೆ ಅಗ್ಗದ್ದನ್ನೇ ಕೊಳ್ಳಿ. ನನ್ನ ವಾದ ದುಬಾರಿಯ ಪರವಲ್ಲ, ಹೊಂದಾಣಿಕೆಯ ಪರ. ಇನ್ನು ಕೆಲವರು, ಇಷ್ಟೆಲ್ಲ ಅಳೆದು ಸುರಿಯುವ ಬದಲು ಸ್ಪ್ರಿಂಗೂ ಶಾಕೂ ಸೇರಿದ ಕಾಯಿಲ್‌ಓವರ್ ಸೆಟ್ಟನ್ನೇ ಕೊಂಡರೆ ಪ್ರಶ್ನೆಯೇ ಉಳಿಯದಲ್ಲ ಎನ್ನುತ್ತಾರೆ. ಒಳ್ಳೆಯ ಸೆಟ್ಟಾದರೆ ಸರಿ, ಅದರ ಬೆಲೆಯೂ ಹಾಗೇ ಇರುತ್ತದೆ. ಕಡಿಮೆ ಬೆಲೆಯ ಸೆಟ್ಟುಗಳಲ್ಲಿ ಸ್ಪ್ರಿಂಗನ್ನು ಮೂಲದ ಹಲವು ಪಟ್ಟು ಬಿಗಿ ಮಾಡಿ, ಶಾಕಿನ ತಡೆಯನ್ನು ಅದಕ್ಕೆ ತಕ್ಕಂತೆ ಮಾಡದೆ ಬಿಟ್ಟಿರುವುದುಂಟು. ಹೊಂದಾಣಿಕೆಯ ಪ್ರಶ್ನೆ ಅಲ್ಲೂ ಹಾಗೇ ಉಳಿಯುತ್ತದೆ, ಜೊತೆಗೆ ಒಳ್ಳೆಯ ಮೂಲ ಸ್ಪ್ರಿಂಗು ಮೂಲೆ ಸೇರುತ್ತದೆ. ತಯಾರಕರ ಅಸಲಿ ಭಾಗವನ್ನೇ ಹಾಕಬೇಕು ಎಂಬ ನಿಷ್ಠೆಯನ್ನು ಗೌರವಿಸುತ್ತೇನೆ. ಮಾಜ್ದಾ 2017ರಲ್ಲಿ ಜಪಾನಿನಲ್ಲಿ ಈ ಮೊದಲ ಪೀಳಿಗೆಯ ಕಾರುಗಳ ಪುನಶ್ಚೇತನ ಯೋಜನೆ ಪ್ರಕಟಿಸಿ, ಬಟ್ಟೆಯ ಟಾಪು, ನಾರ್ದಿ ಸ್ಟೀರಿಂಗ್, ಬ್ರಿಜ್‌ಸ್ಟೋನ್ ಟೈರುಗಳನ್ನು ಮತ್ತೆ ತಯಾರಿಸತೊಡಗಿದ್ದು ಸಂತೋಷದ ಸಂಗತಿ. ಆದರೆ ಅಸಲಿ ಶಾಕ್ ಹೊಂದುವುದೂ ಅಸಲಿ ಸ್ಪ್ರಿಂಗಿಗೇ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ "ಹೊಸ" ಶಾಕಿನ ಸೀಲಿಗೂ ವಯಸ್ಸಾಗುತ್ತದೆ ಎಂಬುದನ್ನು ಬೆಲೆ ಚೌಕಾಸಿಯಲ್ಲಿ ನೆನಪಿಡಬೇಕು. ಮುಂದಿನವನ್ನಷ್ಟೇ ಬದಲಿಸಬಹುದೇ ಎಂಬುದಕ್ಕೆ, ಹಿಂದಿನವು ಒಣಗಿದ್ದು, ಎಣ್ಣೆ ಸೋರದೆ ಇದ್ದು, ಅದೇ ತಯಾರಕರ ಅದೇ ಬಗೆಯವಾಗಿದ್ದರೆ ಬದಲಿಸಬಹುದು ಎನ್ನುತ್ತೇನೆ. ಮುಂದೆ ಮಾತ್ರ ಬಿಗಿಯಾದ ಬೇರೆ ಬಗೆಯದನ್ನು ಹಾಕಿದರೆ ತಿರುವಿಗೆ ಹೊಕ್ಕಾಗ ಮೂತಿ ಹೊರಗೆ ಜಾರುತ್ತದೆ, ಈ ಕಾರನ್ನು ಪ್ರೀತಿಸುವುದೇ ಆ ತಿರುವಿಗಾಗಿ.

ಸರಿಯಾದ ಶಾಕ್ ತಂದ ಮೇಲೂ ದುಡ್ಡು ಸೋರುವ ಮೂರು ಜಾಗಗಳಿವೆ. ಕೆಲಸ ಕೊಡುವಾಗಲೇ ಗ್ಯಾರೇಜಿನವರಿಗೆ ಬಾಯಿಬಿಟ್ಟು ಹೇಳಿ. ಎರಡು ಕೊಳವೆಯ ಶಾಕುಗಳು ಡಬ್ಬದಲ್ಲಿ ಮಲಗಿ ಬಂದಾಗ ಒಳಗೆ ಗಾಳಿ ಸೇರಿಕೊಂಡಿರುತ್ತದೆ. ನೆಟ್ಟಗೆ ನಿಲ್ಲಿಸಿ ನಾಲ್ಕಾರು ಸಲ ನಿಧಾನವಾಗಿ ಒತ್ತಿ ಎಳೆದರೆ ಮೊದಮೊದಲು ಸಡಿಲವಾಗಿದ್ದ ಓಟ ಒಂದೇ ಸಮನಾಗುತ್ತದೆ, ಹಾಕುವುದು ಅದಾದ ಮೇಲೆ. ಮೇಲಿನ ನಟ್ ಬಿಗಿಯುವಾಗ ದಂಡ ತಿರುಗುತ್ತದೆಂದು ಅದರ ಹೊಳಪಿನ ಭಾಗವನ್ನು ಇಕ್ಕಳದಲ್ಲಿ ಹಿಡಿಯಬಾರದು. ಆ ಗೀರು ಪ್ರತಿ ಉಬ್ಬಿಗೂ ಸೀಲನ್ನು ಅರೆಯುತ್ತದೆ, ಕೆಲವು ತಿಂಗಳಲ್ಲಿ ಎಣ್ಣೆ ಇಳಿಯುತ್ತದೆ, ವಾರಂಟಿಯವರು ಗೀರು ನೋಡಿ ಕೈಚೆಲ್ಲುತ್ತಾರೆ. ಕೆಳಗಿನ ಬೋಲ್ಟನ್ನು, ಮುಂದಿನ ಶಾಕ್ ಇಳಿಸಲು ಬಿಚ್ಚಿದ ಮೇಲಿನ ತೋಳಿನ ಉದ್ದ ಬೋಲ್ಟನ್ನು, ಚಕ್ರ ಗಾಳಿಯಲ್ಲಿ ನೇತಾಡುವಾಗ ಕೊನೆಯ ಬಿಗಿ ಕೊಡದೆ, ಕಾರಿನ ಭಾರ ನೆಲಕ್ಕೆ ಇಳಿದ ಮೇಲೆ ಬಿಗಿಯಬೇಕು. ಇಲ್ಲವಾದರೆ ಬುಷ್ಷಿನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಕಾರೂ ಒಂದಿಷ್ಟು ಎತ್ತರವೇ ನಿಲ್ಲುತ್ತದೆ. ಅಲೈನ್‌ಮೆಂಟನ್ನು ಅದೇ ದಿನ ಮಾಡಿಸದೆ, ಸ್ಪ್ರಿಂಗೂ ಬುಷ್ಷೂ ಕುದುರಿಕೊಳ್ಳಲು ನೂರೈವತ್ತು ಕಿಲೋಮೀಟರಿನಷ್ಟು ಓಡಿಸಿ ಆಮೇಲೆ ಮಾಡಿಸಿ. ಶಾಕ್ ಹಾಕಿಸಿದ ದಿನವೇ ಸ್ಪ್ರಿಂಗಿನ ತಂತಿಯ ದಪ್ಪ, ಸುತ್ತಿನ ಎಣಿಕೆ, ಶಾಕಿನ ಪಾರ್ಟ್ ನಂಬರು, ಮೌಂಟ್ ಯಾವ ಪೀಳಿಗೆಯದು ಎಂಬುದು, ಇಷ್ಟನ್ನೂ ಬಿಲ್ಲಿನ ಹಿಂದೆ ಬರೆದು ಗ್ಲೋವ್ ಬಾಕ್ಸಿನಲ್ಲಿಡಿ. ಮುಂದಿನ ಸಲ ಶಾಕ್ ಹುಡುಕುವವರು ನೀವಾಗಿರಲಿ, ಕಾರನ್ನು ನಿಮ್ಮಿಂದ ಕೊಂಡವರಾಗಿರಲಿ, ಆ ಹಾಳೆ ಕೈಯಲ್ಲಿದ್ದರೆ ಅಳೆಯಲೆಂದು ಮೂಲೆ ಬಿಚ್ಚಬೇಕಾಗುವುದಿಲ್ಲ.