ಹಳೇ ಓನರ್ ಪತ್ರ ಕೊಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಕೆಲಸದ ಮೇಲೆ ನಾನು, ನನ್ನ ಹೆಂಡತಿ ಬೆಂಗಳೂರಿನಿಂದ ಜರ್ಮನಿಯ ಮ್ಯೂನಿಕ್‌ಗೆ ಬಂದಿದ್ದೇವೆ. ಕಂಪನಿ ಕೊಟ್ಟ ತಾತ್ಕಾಲಿಕ ವಸತಿಯ ಅವಧಿ ಮುಗಿಯುತ್ತಾ ಬಂತು. ಬಾಡಿಗೆ ಮನೆ ಕೇಳಿದಲ್ಲೆಲ್ಲ, ಬಾಡಿಗೆ ಬಾಕಿ ಇಲ್ಲವೆಂದು ಹಿಂದಿನ ಮಾಲೀಕರಿಂದ ಪತ್ರ ತನ್ನಿ ಅನ್ನುತ್ತಾರೆ. ಬಸವನಗುಡಿಯ ಮನೆಯಲ್ಲಿ ನಾಲ್ಕು ವರ್ಷ ಇದ್ದೆವು, ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ. ಆದರೆ ಮನೆ ಬಿಡುವಾಗ ಪೇಂಟಿಂಗ್ ಲೆಕ್ಕದಲ್ಲಿ ಓನರ್ ಅಡ್ವಾನ್ಸ್‌ನಿಂದ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು, ನಾನೂ ಸಿಟ್ಟಿನಲ್ಲಿ ಮಾತಾಡಿಬಿಟ್ಟೆ. ಈಗ ಕೇಳಿದರೆ, ‘ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕಿ ನಾನ್ಯಾಕೆ ಸಿಕ್ಕಿಹಾಕಿಕೊಳ್ಳಲಿ’ ಅನ್ನುತ್ತಾರೆ. ನೀನೇ ಬರೆದು ಸಹಿ ಹಾಕಿಕೋ, ಯಾರು ನೋಡುತ್ತಾರೆ ಎಂದು ಸ್ನೇಹಿತ ಹೇಳುತ್ತಿದ್ದಾನೆ. ದಾರಿ ತೋರಿಸಿ.
– ಹೆಸರು ಬೇಡ, ಮ್ಯೂನಿಕ್

ಉತ್ತರ: ಮೊದಲು ನಿಮ್ಮ ಸ್ನೇಹಿತನ ಸಲಹೆಯನ್ನು ಪೂರ್ತಿ ಕೈಬಿಡಿ. ಹಿಂದಿನ ಮಾಲೀಕರ ಹೆಸರಿನಲ್ಲಿ ಸುಳ್ಳು ಪತ್ರ ಕೊಡುವುದು ಗಂಭೀರ ತಪ್ಪು, ಅದರ ಮೇಲೆ ನೋಟಿಸ್ ಅವಧಿಯೂ ಇಲ್ಲದೆ ಬಾಡಿಗೆ ಕರಾರು ರದ್ದು ಮಾಡಬಹುದು ಎಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2014ರಲ್ಲಿ ಹೇಳಿದೆ. ಮನೆ ಸಿಕ್ಕಿ, ಸಾಮಾನು ಜೋಡಿಸಿ, ನೆಮ್ಮದಿಯಾಗಿರುವ ಹೊತ್ತಿಗೆ ಆ ಕಾಗದ ಹೊರಬಂದರೆ ಇಬ್ಬರೂ ಬೀದಿಗೆ ಬರುತ್ತೀರಿ. ನಾಲ್ಕು ವರ್ಷ ಪ್ರಾಮಾಣಿಕವಾಗಿ ಬಾಡಿಗೆ ಕಟ್ಟಿದವರಿಗೆ ಆ ಗತಿ ಬರಬಾರದು.

ಇನ್ನೊಂದು ಮಾತು ತಿಳಿದರೆ ನಿಮ್ಮ ಆತಂಕ ಅರ್ಧ ಇಳಿಯುತ್ತದೆ. ಅಲ್ಲಿನವರು ಕೇಳುವ ‘ಮೀಟ್‌ಶುಲ್ಡೆನ್‌ಫ್ರೈಹೈಟ್ಸ್‌ಬೆಷೈನಿಗುಂಗ್’, ಅಂದರೆ ಬಾಡಿಗೆ ಬಾಕಿ ಇಲ್ಲವೆಂಬ ಪತ್ರ, ಜರ್ಮನಿಯಲ್ಲೇ ಬಾಡಿಗೆದಾರನ ಹಕ್ಕಲ್ಲ. ಇಂಥ ಪತ್ರ ಕೊಡಲೇಬೇಕೆಂಬ ಕಟ್ಟುಪಾಡು ಹಳೇ ಮಾಲೀಕನಿಗಿಲ್ಲ, ಕಟ್ಟಿದ ಬಾಡಿಗೆಗೆ ರಸೀದಿ ಕೇಳುವ ಹಕ್ಕು ಮಾತ್ರ ಬಾಡಿಗೆದಾರನಿಗಿದೆ ಎಂದು ಅದೇ ನ್ಯಾಯಾಲಯ 2009ರಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ಪತ್ರವಿಲ್ಲದೆ ಮನೆ ಹುಡುಕುವವರು ನೀವೊಬ್ಬರೇ ಅಲ್ಲ.

ಆದರೂ ಬಸವನಗುಡಿಯ ಬಾಗಿಲನ್ನು ಇನ್ನೊಮ್ಮೆ ತಟ್ಟಿ. ನಿಮ್ಮ ಓನರ್ ಮಾತಿನಲ್ಲಿ ಹಳೇ ಸಿಟ್ಟಿಗಿಂತ ಭಯವೇ ಹೆಚ್ಚು ಕಾಣುತ್ತದೆ. ಸಹಿ ಹಾಕಿದರೆ ಇನ್‌ಕಮ್ ಟ್ಯಾಕ್ಸ್ ತೊಂದರೆ ಬರಬಹುದೇ, ನೀವು ಅಲ್ಲಿ ಬಾಡಿಗೆ ಕಟ್ಟದಿದ್ದರೆ ತಮ್ಮನ್ನು ಕೇಳುತ್ತಾರೆಯೇ ಎಂಬ ಅನುಮಾನ ಎಷ್ಟೋ ಹಿರಿಯರಿಗಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಮೊದಲ ಫೋನಿನಲ್ಲಿ ಪತ್ರದ ಸುದ್ದಿ ಎತ್ತಬೇಡಿ. ಆವತ್ತು ಮಾತು ಮೀರಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದಷ್ಟೇ ಹೇಳಿ. ಪೇಂಟಿಂಗ್ ಹಣದ ಲೆಕ್ಕ ಮತ್ತೆ ತೆಗೆಯಬೇಡಿ. ಎರಡು ದಿನ ಬಿಟ್ಟು, ಪತ್ರವನ್ನು ನೀವೇ ಟೈಪ್ ಮಾಡಿ ಕಳಿಸಿ. ಮೇಲೆ ಇಂಗ್ಲಿಷ್, ಕೆಳಗೆ ಅದೇ ಮಾತು ಕನ್ನಡದಲ್ಲಿ ಇರಲಿ. ತಾವು ಯಾವುದಕ್ಕೆ ಸಹಿ ಹಾಕುತ್ತಿದ್ದೇವೆಂದು ಅವರಿಗೆ ಸ್ಪಷ್ಟವಾಗಬೇಕು. ಒಕ್ಕಣೆ ಇಷ್ಟು ಸಾಕು: ಇಂಥವರು ಇಂಥ ವಿಳಾಸದ ನನ್ನ ಮನೆಯಲ್ಲಿ ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಬಾಡಿಗೆಗಿದ್ದರು, ಬಾಡಿಗೆ ಪೂರ್ತಿ ಸಂದಾಯವಾಗಿದೆ, ಬಾಕಿ ಏನೂ ಇಲ್ಲ. ಬಾಡಿಗೆಯ ಮೊತ್ತ ಬರೆಯುವ ಅಗತ್ಯವಿಲ್ಲ. ‘ಒಳ್ಳೆಯವರು’ ಎಂಬ ಹೊಗಳಿಕೆಯೂ ಬೇಡ. ಇದು ಮುಗಿದ ಲೆಕ್ಕದ ಮಾತೇ ಹೊರತು ಜಾಮೀನಲ್ಲ ಎಂದು ಬಿಡಿಸಿ ಹೇಳಿ. ವರ್ಷದ ಬಾಡಿಗೆ 1 ಲಕ್ಷ ರೂಪಾಯಿ ದಾಟಿದ್ದು, ನೀವು ಎಚ್‌ಆರ್‌ಎ ವಿನಾಯಿತಿ ಪಡೆದಿದ್ದರೆ, ಅವರ ಪ್ಯಾನ್ ನಂಬರ್ ಆಗಲೇ ನಿಮ್ಮ ಕಚೇರಿ ಸೇರಿರುತ್ತದೆ, ಈ ಪತ್ರದಿಂದ ಹೊಸದೇನೂ ಬಯಲಾಗುವುದಿಲ್ಲ. ಅವರ ಒಪ್ಪಿಗೆ ಇಲ್ಲದೆ ಅವರ ಫೋನ್ ನಂಬರನ್ನು ಮಾತ್ರ ಯಾರಿಗೂ ಕೊಡಬೇಡಿ.

ಇಷ್ಟಾದರೂ ಒಲ್ಲೆ ಅಂದರೆ ಒತ್ತಾಯಿಸಬೇಡಿ. ಆಗ ನಿಮ್ಮ ಬ್ಯಾಂಕ್ ಖಾತೆಯೇ ಸಾಕ್ಷಿ ಹೇಳಲಿ. ತಿಂಗಳು ತಿಂಗಳು ಬಾಡಿಗೆ ಹೋದ ಸ್ಟೇಟ್‌ಮೆಂಟ್ ತೆಗೆದು, ಆ ಸಾಲುಗಳಿಗೆ ಗುರುತು ಹಾಕಿ, ಉಳಿದ ಖರ್ಚುಗಳನ್ನು ಮುಚ್ಚಿ. ಜೊತೆಗೆ ಹಳೇ ಬಾಡಿಗೆ ಕರಾರು ಪತ್ರಗಳನ್ನು ಲಗತ್ತಿಸಿ. ನಮ್ಮಲ್ಲಿ ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ 11 ತಿಂಗಳಿಗೆ ಬರೆಸುವುದು ರೂಢಿ. ಅದು ಗೊತ್ತಿಲ್ಲದ ಜರ್ಮನ್ ಮಾಲೀಕರಿಗೆ ನೀವು ವರ್ಷ ತುಂಬುವ ಮೊದಲೇ ಮನೆ ಬಿಟ್ಟವರಂತೆ ಕಂಡೀತು, ಆದ್ದರಿಂದ ಒಂದು ಸಾಲಿನ ವಿವರಣೆ ಇರಲಿ. ಕೆಲಸದ ಕರಾರು, ಈವರೆಗಿನ ಸಂಬಳದ ಚೀಟಿಗಳು, ಸಾಲದ ದಾಖಲೆ ತೋರಿಸುವ ಶೂಫಾ ವರದಿ ಇವೂ ಕಡತದಲ್ಲಿರಲಿ. ಹೊಸದಾಗಿ ಬಂದವರ ಶೂಫಾ ಬಹುಮಟ್ಟಿಗೆ ಖಾಲಿ ಇರುತ್ತದೆ, ಅದು ಕಳಂಕವಲ್ಲ. ಈಗಿರುವ ತಾತ್ಕಾಲಿಕ ವಸತಿಯವರಿಂದಲೂ ಬಾಕಿ ಇಲ್ಲವೆಂಬ ಪತ್ರ ಕೇಳಿ. ಇವರಿಗೆ ನಿಮ್ಮ ಮೇಲೆ ಹಳೇ ಮುನಿಸೇನೂ ಇಲ್ಲವಲ್ಲ.

ಪತ್ರವಿಲ್ಲವೆಂಬ ಅಳುಕಿನಲ್ಲಿ ಹೆಚ್ಚು ಡಿಪಾಸಿಟ್ ಕೊಡಲು ಮುಂದಾಗಬೇಡಿ. ಜರ್ಮನ್ ಕಾನೂನಿನ ಪ್ರಕಾರ ಡಿಪಾಸಿಟ್ ಮೂರು ತಿಂಗಳ ಬಾಡಿಗೆ ಮೀರುವಂತಿಲ್ಲ. ಹೀಟಿಂಗ್ ಮುಂತಾದ ಖರ್ಚು ಆ ಲೆಕ್ಕಕ್ಕೆ ಸೇರುವುದಿಲ್ಲ. ಡಿಪಾಸಿಟ್ಟನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. ಕರಾರಿನಲ್ಲಿ ಏನಾದರೂ ಅರ್ಥವಾಗದಿದ್ದರೆ ಅಲ್ಲಿನ ಬಾಡಿಗೆದಾರರ ಸಂಘ, ಮೀಟರ್‌ಫೆರೈನ್‌ನ ಸದಸ್ಯರಾಗಿ ಸಲಹೆ ಪಡೆಯಿರಿ.

ಮನೆ ಬದಲಿಸಲು ಹೊರಟಿರುವ ಓದುಗರೆಲ್ಲರಿಗೂ ಒಂದು ಮಾತು. ಬಾಕಿ ಇಲ್ಲವೆಂಬ ಎರಡು ಸಾಲನ್ನು ಕೀಲಿ ಕೈ ಒಪ್ಪಿಸುವ ದಿನವೇ ಬರೆಸಿಕೊಳ್ಳಿ. ಪಕ್ಕದ ಬೀದಿಗೆ ಹೋಗುವವರೂ ಸರಿ, ಪರದೇಶಕ್ಕೆ ಹೋಗುವವರೂ ಸರಿ, ಇದನ್ನು ನಾಳೆಗೆ ಬಿಡಬೇಡಿ.